ಐದು ಗಂಟೆಯ ಮೊಲ

ವೆರ್ನರ್ ಡಾಲ್ಗೋರ್ ನಲವತ್ತೆರಡು ಕಿಲೋಮೀಟರ್ ಓಡಬೇಕಾಗಿ ಬಂದದ್ದು ಹನ್ನೆರಡು ಬನ್ನು ತರಲು ಮರೆತದ್ದರಿಂದ.

ಸ್ಕೋವ್‌ನೆಸ್ ಪುರಸಭೆಯ ನೀರಿನ ಮೀಟರ್ ವಿಭಾಗದಲ್ಲಿ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಕೂತು ಬನ್ನು ತಿನ್ನುತ್ತಾರೆ. ಬಿಸಿ ಬನ್ನು, ಮೇಲೆ ಗಸಗಸೆ, ಒಳಗೆ ಬೆಣ್ಣೆ, ಚೀಸು. ಯಾವ ವಾರ ಯಾರು ತರಬೇಕೆಂಬ ಪಟ್ಟಿ ಫ್ರಿಜ್ಜಿನ ಬಾಗಿಲ ಮೇಲಿದೆ. ಡೆನ್ಮಾರ್ಕಿನ ಕಚೇರಿಗಳಲ್ಲಿ ತಡವಾಗಿ ಬಂದವನನ್ನು ಕ್ಷಮಿಸುತ್ತಾರೆ, ಕೆಲಸವನ್ನೇ ಮಾಡದವನನ್ನೂ ಹೇಗೋ ಸಹಿಸಿಕೊಳ್ಳುತ್ತಾರೆ. ಬನ್ನಿನ ಸರದಿಯ ದಿನ ಕೈಬೀಸಿಕೊಂಡು ಬಂದವನ ಮುಖವನ್ನು ಮಾತ್ರ ಯಾರೂ ನೋಡುವುದಿಲ್ಲ. ವೆರ್ನರ್ ಹಾಗೆ ಬಂದದ್ದು ಅದು ಮೂರನೇ ಸಲ.

ಅವನಿಗೆ ಐವತ್ತೊಂದು ವರ್ಷ. ಒಳ್ಳೆಯ ಮನುಷ್ಯ. ಬೇಕರಿಗೆ ಹೋಗಿ ಎಂಟಕ್ಕೆ ಕಚೇರಿ ಸೇರಬೇಕೆಂದರೆ ಐದೂವರೆಗೆ ಏಳಬೇಕು, ಬೆಳಗಿನ ಐದೂವರೆಯ ಮುಖವನ್ನು ಅವನು ಇಡೀ ಜೀವನದಲ್ಲಿ ನಾಲ್ಕೈದು ಸಲವಷ್ಟೇ ನೋಡಿದ್ದ.

"ಬನ್ನೆಲ್ಲಿ?" ಎಂದಳು ವಿಭಾಗದ ಮುಖ್ಯಸ್ಥೆ ಗ್ರೇಥೆ.

ಹನ್ನೊಂದು ಜನ ಬೆಣ್ಣೆಯ ಚಾಕು ಹಿಡಿದು ಅವನನ್ನೇ ನೋಡುತ್ತಿದ್ದರು. ವೆರ್ನರ್ ಬಾಯಿ ತೆರೆದ. ಏನು ಹೇಳಬೇಕೆಂದು ಅವನಿಗೇ ಗೊತ್ತಿರಲಿಲ್ಲ, ಆದರೆ ಬಾಯಿಗೆ ಗೊತ್ತಿತ್ತು.

"ಬೆಳಿಗ್ಗೆ ಓಡೋಕೆ ಹೋಗಿದ್ದೆ," ಎಂದಿತು ಬಾಯಿ. "ಮ್ಯಾರಥಾನ್‌ಗೆ ತಯಾರಿ ನಡೀತಿದೆ."

"ನೀನಾ?" ಎಂದ ಎದುರು ಮೇಜಿನ ಫ್ಲೆಮಿಂಗ್. "ಮೊನ್ನೆ ಲಿಫ್ಟು ಕೆಟ್ಟಿದೆ ಅಂತ ಮೇಲೆ ಹತ್ತದೆ ವಾಪಸ್ ಮನೆಗೆ ಹೋದವ್ನು ನೀನೇ ಅಲ್ವೇನೋ?"

"ಕಾಲು ಜೋಪಾನ ಮಾಡ್ಕೊತಿದ್ದೆ."

ಫ್ಲೆಮಿಂಗ್ ಅಲ್ಲೇ ಫೋನು ತೆಗೆದು ಸೆಪ್ಟೆಂಬರಿನ ಊರ ಮ್ಯಾರಥಾನಿಗೆ ಅವನ ಹೆಸರು ಬರೆಸಿಬಿಟ್ಟ. ವಿಭಾಗದ ಆರೋಗ್ಯ ನಿಧಿಯಿಂದ ಗ್ರೇಥೆ ಶುಲ್ಕ ಮಂಜೂರು ಮಾಡಿದಳು. ಬನ್ನಿನ ಪಟ್ಟಿಯ ಬೆನ್ನಿಗೆ ಒಪ್ಪಂದವೂ ಬರೆದಾಯಿತು. ವೆರ್ನರ್ ಓಟ ಮುಗಿಸಿದರೆ ನಿವೃತ್ತಿಯವರೆಗೂ ಅವನಿಗೆ ಬನ್ನು ತರುವ ಸರದಿ ಇಲ್ಲ. ಮುಗಿಸದಿದ್ದರೆ ಒಂದು ವರ್ಷ, ಪ್ರತಿ ಶುಕ್ರವಾರ, ಅವನೊಬ್ಬನೇ.

"ಬಾಯಿ ಮಾತು ನಡೆಯಲ್ಲ," ಎಂದಳು ಗ್ರೇಥೆ, ಸಹಿ ಹಾಕುತ್ತ. "ವೆಬ್‌ಸೈಟಲ್ಲಿ ಫಲಿತಾಂಶ ಬರ್ಬೇಕು. ಅದ್ರಲ್ಲಿ ಏನಿರುತ್ತೋ ಅದೇ."

ಒಂದು ವರ್ಷವೆಂದರೆ ಐವತ್ತೆರಡು ಐದೂವರೆಗಳು. ವೆರ್ನರ್ ಆ ಲೆಕ್ಕ ಹಾಕಿ ಮನೆಗೆ ಹೋಗಿ ಮಲಗಿದ.

*

ನಾಲ್ಕು ತಿಂಗಳಲ್ಲಿ ಅವನು ಶೂ ಕೊಂಡ, ಕಾಲುಚೀಲ ಕೊಂಡ, ಓಟದ ಬಗ್ಗೆ ಎರಡು ಪುಸ್ತಕ ಕೊಂಡ. ಒಮ್ಮೆ ಓಡಿಯೂ ನೋಡಿದ. ಪಕ್ಕದ ಮನೆಯವರು ಬಾಗಿಲು ತೆರೆದು, ಎಲ್ಲಿ ಬೆಂಕಿ ಬಿದ್ದಿದೆ ಎಂದು ಕೇಳಿದ್ದರಿಂದ ನಿಲ್ಲಿಸಿದ.

ಆದರೆ ದೇವರು ಅವನಿಗೊಂದು ದಾರಿ ಇಟ್ಟಿದ್ದ. ಊರಾಚೆ ಅವನಿಗೊಂದು ಕೈತೋಟವಿತ್ತು. ಒಂದಿಷ್ಟು ಆಲೂಗಡ್ಡೆ, ಒಂದು ಮರದ ಗುಡಿಸಲು, ಹಿಂದುಗಡೆ ಒಂದು ಕಕ್ಕಸು. ಮ್ಯಾರಥಾನಿನ ಒಂಬತ್ತನೇ ಕಿಲೋಮೀಟರು ಅದರ ಗೇಟಿನ ಮುಂದೆಯೇ ಹಾದು ಹೋಗುತ್ತಿತ್ತು. ಅಲ್ಲಿಂದ ಓಟಗಾರರು ನೆಲದೊಳಕ್ಕೆ ಚಾಚಿದ ಕಡಲತೋಳಾದ ಫ್ಯೋರ್ಡಿನ ದಂಡೆ ಸುತ್ತಿ, ಎರಡು ಹಳ್ಳಿ ದಾಟಿ ಊರಿಗೆ ಮರಳಬೇಕು. ತೋಟದ ಹಿಂಬಾಗಿಲಿನಿಂದ ಹೊರಟವನಿಗೆ ಮಾತ್ರ ನಲವತ್ತನೇ ಕಿಲೋಮೀಟರಿನಲ್ಲಿರುವ, ಮೀನಿಗೆ ಹೊಗೆ ಹಾಕುವ ಹೊಗೆಮನೆ ಕಾಲು ಗಂಟೆಯ ನಡಿಗೆ.

ಒಂದೇ ತೊಡಕೆಂದರೆ ಓಟದ ಹೊತ್ತು ದಾಖಲಿಸಲು ಶೂ ದಾರಕ್ಕೆ ಕಟ್ಟುವ ಎಲೆಕ್ಟ್ರಾನಿಕ್ ಚಿಪ್ಪು. ದಾರಿಯಲ್ಲಿ ಅಲ್ಲಲ್ಲಿ ಹಾಸಿರುವ ಚಾಪೆಗಳ ಮೇಲೆ ಅದು ಹಾದು ಹೋದರೇ ಲೆಕ್ಕ. ಅದಕ್ಕೆ ಪಕ್ಕದ ತೋಟದ ವಿಗ್ಗೋ ಇದ್ದ. ವಿಗ್ಗೋನಿಗೆ ಎಪ್ಪತ್ತನಾಲ್ಕು ವರ್ಷ, ಅವನ ಬಳಿ ಬ್ಯಾಟರಿ ಸೈಕಲ್ಲಿತ್ತು.

"ಚಿಪ್ಪು ನಿನ್ನ ಬುಟ್ಟೀಲಿ ಇಟ್ಕೋ. ಚಾಪೆ ಮೇಲೆ ಸೈಕಲ್ ಓಡ್ಸು. ಹೊಗೆಮನೆ ಹಿಂದೆ ನಂಗೆ ವಾಪಸ್ ಕೊಡು," ಎಂದು ವೆರ್ನರ್ ಮೂರು ಸಲ ವಿವರಿಸಿದ್ದ. "ಆದ್ರೆ ನಿಧಾನ. ನಂಗೆ ಐದು ಗಂಟೆ ಆದ್ರೆ ಸಾಕು."

"ಆಗ್ಲಪ್ಪ," ಎಂದಿದ್ದ ವಿಗ್ಗೋ. "ಆದ್ರೆ ನಿನ್ನ ಕಡೆ ಬೇಲಿ ಆಳೆತ್ತರ ಬೆಳೆದು ನನ್ನ ಟೊಮೇಟೊಗೆ ಬಿಸಿಲೇ ಬೀಳಲ್ಲ. ಅದನ್ನ ಕತ್ತರಿಸ್ಬೇಕು."

ಬೇಲಿ ಕತ್ತರಿಸಿದ್ದೂ ಆಯಿತು.

*

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಚರ್ಚಿನ ಮುಂದೆ ಎಂಟುನೂರು ಜನ ನಿಂತಿದ್ದರು. ಎಂಟುನೂರು ಜನರೂ ತಮಗೆ ಮಂಡಿ ನೋವಿದೆ, ರಾತ್ರಿ ನಿದ್ದೆ ಬಂದಿಲ್ಲ, ಈ ಸಲ ಸುಮ್ಮನೆ ಮಜಾಕ್ಕೆ ಓಡುತ್ತಿದ್ದೇವೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಗುಂಡು ಹಾರಿತು. ಮಜಾಕ್ಕೆ ಬಂದವರೆಲ್ಲ ಪೊಲೀಸರು ಬೆನ್ನಟ್ಟಿದ ಕಳ್ಳರಂತೆ ಓಡಿದರು.

ವೆರ್ನರ್ ಹಿಂದುಗಡೆ, ಐದು ಗಂಟೆಯ ಮೊಲದ ಹಿಂದೆ ಸೇರಿಕೊಂಡ. ಇಂತಿಷ್ಟೇ ಹೊತ್ತಿಗೆ ಮುಟ್ಟಿಸುತ್ತೇನೆಂದು ಬಲೂನು ಕಟ್ಟಿಕೊಂಡು ಮುಂದೆ ಓಡುವವನನ್ನು ಅಲ್ಲಿ ಮೊಲ ಎನ್ನುತ್ತಾರೆ. ಉಳಿದವರು ಗಡಿಯಾರದ ಚಿಂತೆ ಬಿಟ್ಟು ಅವನ ಬೆನ್ನು ನೋಡಿಕೊಂಡು ಓಡಿದರಾಯಿತು. ಈ ಮೊಲದ ಹೆಸರು ಮಾಲ್ತೆ. ಉದ್ದಕ್ಕಿದ್ದ ಹುಡುಗ. ಹಳದಿ ಅಂಗಿಯ ಎದೆ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು, ಹೆಗಲಿಗೆ ಹೊಲಿದ ದಾರದಲ್ಲಿ ಎರಡು ಹಳದಿ ಬಲೂನು.

ಮೊದಲ ಎರಡು ಕಿಲೋಮೀಟರಿನಲ್ಲಿ ವೆರ್ನರ್‌ಗೆ ತಾನು ಹುಟ್ಟಾ ಓಟಗಾರನೆಂದು ಅನ್ನಿಸಿತು. ಐದನೆಯದರಲ್ಲಿ ಆ ಅನುಮಾನ ಹೋಯಿತು. ಒಂಬತ್ತರಲ್ಲಿ ತೋಟದ ಗೇಟು ಕಂಡಾಗ ತವರುಮನೆ ಕಂಡಂತಾಯಿತು. ಶೂ ದಾರ ಕಟ್ಟುವವನಂತೆ ಬಗ್ಗಿ, ಚಿಪ್ಪು ತೆಗೆದು ವಿಗ್ಗೋನ ಬುಟ್ಟಿಯಲ್ಲಿದ್ದ ಈರುಳ್ಳಿ ಸೊಪ್ಪಿನ ಕೆಳಗೆ ಸೇರಿಸಿದ. ವಿಗ್ಗೋ ಗಂಟೆ ಬಾರಿಸಿಕೊಂಡು ಹೊರಟ.

ವೆರ್ನರ್ ಗೇಟಿಗೆ ಕೈ ಹಾಕಿದ. ಒಳಗೆ ಮಂಚವಿತ್ತು, ಬಿಯರಿತ್ತು, ರೈ ಬ್ರೆಡ್ಡಿನ ಮೇಲೆ ಹಚ್ಚಲು ಲಿವರ್ ಪೇಸ್ಟಿತ್ತು.

"ಅಣ್ಣಾ!" ಹಿಂದಿನಿಂದ ಯಾರೋ ಅವನ ತೋಳು ಹಿಡಿದರು. ಮೊಲ. ಮುಖ ಸುಣ್ಣದಂತಾಗಿತ್ತು. "ಇದು ನಿಮ್ಮ ತೋಟಾನಾ? ಕಕ್ಕಸು ಇದೆಯಾ?"

"ಹಿಂದ್ಗಡೆ ಇದೆ, ಆದ್ರೆ..."

"ನಿನ್ನೆ ರಾತ್ರಿ ಸೀಗಡಿ ತಿಂದೆ. ಒಂದೇ ನಿಮಿಷ. ಇದನ್ನ ಹಾಕ್ಕೊಂಡು ಮೆಲ್ಲಗೆ ಹೋಗ್ತಿರಿ, ಓಡಿ ಬಂದು ಹಿಡೀತೀನಿ!"

ಬಲೂನು ಅಂಗಿಗೇ ಹೊಲಿದಿದ್ದರಿಂದ ಅಂಗಿಯನ್ನೇ ಕಳಚಿ ವೆರ್ನರ್‌ನ ತಲೆಗೆ ತೂರಿಸಿ, ಮಾಲ್ತೆ ಗುಡಿಸಲಿನ ಹಿಂದೆ ಮಾಯವಾದ.

ವೆರ್ನರ್ ತಿರುಗಿ ನೋಡಿದ. ಮೂವತ್ತೊಂದು ಜನ ಸಾಲಾಗಿ ಬರುತ್ತಿದ್ದರು. ಯಾರೂ ಅವನ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಬಲೂನಿನ ಮೇಲಿತ್ತು.

ಒಂದು ನಿಮಿಷ ತಾನೇ ಎಂದುಕೊಂಡು ವೆರ್ನರ್ ಮೆಲ್ಲಗೆ ಹೆಜ್ಜೆ ಹಾಕಿದ. ಒಂದು ನಿಮಿಷ ಹೋಯಿತು. ಹತ್ತು ನಿಮಿಷ ಹೋಯಿತು. ಹದಿಮೂರನೇ ಕಿಲೋಮೀಟರಿನಲ್ಲಿ ಅವನಿಗೆ ಕಕ್ಕಸಿನ ಅಗುಳಿ ನೆನಪಾಯಿತು. ಅದು ಎರಡು ವರ್ಷದಿಂದ ಕೆಟ್ಟಿತ್ತು. ಒಳಗಿನಿಂದ ತೆರೆಯಬೇಕಾದರೆ ಬಾಗಿಲನ್ನು ಎಡಗಾಲಿನಿಂದ ಎತ್ತಿ, ಬಲಭುಜದಿಂದ ಗುದ್ದಬೇಕು. ಈ ವಿದ್ಯೆ ಗೊತ್ತಿದ್ದದ್ದು ಲೋಕದಲ್ಲಿ ವೆರ್ನರ್‌ಗೆ ಮಾತ್ರ. ಮಾಲ್ತೆಯ ಫೋನು ಅಂಗಿಯ ಹಿಂದಿನ ಜೇಬಿನಲ್ಲಿ, ಅಂದರೆ ವೆರ್ನರ್‌ನ ಬೆನ್ನ ಮೇಲೆ, ಟಕಟಕ ಕುಣಿಯುತ್ತಿತ್ತು.

*

"ಮಾಲ್ತೆ, ಸರಿಯಾದ ಹೊತ್ತಿಗೆ ಹೋಗ್ತಿದೀವಾ?" ಪಕ್ಕಕ್ಕೆ ಬಂದವಳು ಯೂಟೆ. ಅರವತ್ತೆಂಟು ವರ್ಷದ ಸೂಲಗಿತ್ತಿ, ಮೊದಲ ಮ್ಯಾರಥಾನು.

"ನಾನು ಮಾಲ್ತೆ ಅಲ್ಲ."

"ಗೊತ್ತು ಬಿಡಪ್ಪ, ಓಡ್ತಾ ಓಡ್ತಾ ನಾವ್ಯಾರೂ ನಾವಲ್ಲ," ಎಂದಳು ಯೂಟೆ. "ನಂಗೂ ಈಗ ಹಂಗೇ ಅನ್ನಿಸ್ತಿದೆ."

ಬಲೂನು ಕಟ್ಟಿಕೊಂಡವನಿಗೆ ಜನ ಏನು ಬೇಕಾದರೂ ಹೇಳುತ್ತಾರೆಂಬುದು ವೆರ್ನರ್‌ಗೆ ಆಗ ಗೊತ್ತಾಯಿತು. ಹದಿನೈದನೇ ಕಿಲೋಮೀಟರಿನಲ್ಲಿ ಯೂಟೆ ತನ್ನ ಇಬ್ಬರು ಗಂಡಂದಿರ ಕತೆ ಹೇಳಿದಳು. ಹದಿನೆಂಟರಲ್ಲಿ ಬಸ್ ಡ್ರೈವರ್ ಕರ್ಸ್ಟನ್ ಎಂಬವನು, ತಾನು ಒಮ್ಮೆ ನಿಲ್ದಾಣದಲ್ಲಿ ಕೈ ತೋರಿಸುತ್ತಿದ್ದ ಅತ್ತೆಯನ್ನು ನೋಡಿಯೂ ಬಸ್ಸು ನಿಲ್ಲಿಸಲಿಲ್ಲವೆಂದು ಒಪ್ಪಿಕೊಂಡ. "ಇದನ್ನ ಯಾರಿಗೂ ಹೇಳಿಲ್ಲ ಮಾಲ್ತೆ," ಎಂದು ಕಣ್ಣು ಒರೆಸಿಕೊಂಡ.

ಇಪ್ಪತ್ತೊಂದನೇ ಕಿಲೋಮೀಟರಿನ ಹಳ್ಳಿಯಲ್ಲಿ ತುತ್ತೂರಿ ಮೇಳವಿತ್ತು. ಹೆಂಗಸರು ಸೌತೆಕಾಯಿ ಹೋಳು ಹಿಡಿದು ನಿಂತಿದ್ದರು. "ಮಾಲ್ತೆ! ಮಾಲ್ತೆ!" ಎಂದು ಊರಿಗೆ ಊರೇ ಕೂಗಿತು. ವೆರ್ನರ್‌ಗೆ ಐವತ್ತೊಂದು ವರ್ಷದಲ್ಲಿ ಯಾರೂ ಹಾಗೆ ಕೂಗಿರಲಿಲ್ಲ. ಆಗಲೂ ಕೂಗಲಿಲ್ಲ, ಕೂಗಿದ್ದು ಇನ್ನೊಬ್ಬನ ಹೆಸರನ್ನು. ಆದರೂ ಅವನ ಕಾಲು ತಾನಾಗಿ ಚುರುಕಾಯಿತು.

ಮೂವತ್ತೆರಡನೇ ಕಿಲೋಮೀಟರಿನಲ್ಲಿ ಅವನು ಸತ್ತ. ಅಂದರೆ ಅವನಿಗೆ ಹಾಗನ್ನಿಸಿತು. ತೊಡೆ ಒದ್ದೆ ಮರಳಿನ ಚೀಲವಾಗಿತ್ತು, ನಾಲಿಗೆ ಕಾಲೊರಸಾಗಿತ್ತು. ಶೂ ಮಾಡಿದವನನ್ನು, ಫ್ಲೆಮಿಂಗನನ್ನು, ಗಸಗಸೆ ಬೆಳೆಯುವ ರೈತರನ್ನು ಒಬ್ಬೊಬ್ಬರನ್ನಾಗಿ ಶಪಿಸಿ ಮುಗಿಸಿದ್ದ. ಇನ್ನು ಯಾರೂ ಉಳಿಯದೆ ನಿಂತುಬಿಟ್ಟ.

ಮೂವತ್ತೊಂದು ಜನರೂ ನಿಂತರು.

"ಇಲ್ಲಿ ನಿಲ್ಬೇಕಾ?" ಎಂದು ಹಿಂದಿನವನು ಮುಂದಿನವನನ್ನು ಕೇಳಿದ.

"ಮೊಲ ನಿಂತಿದೆ ಅಂದ್ರೆ ಏನೋ ಲೆಕ್ಕ ಇರುತ್ತೆ ಮಾರಾಯ. ಸುಮ್ನೆ ನಿಂತ್ಕೋ."

"ನೋಡಿ," ಎಂದ ವೆರ್ನರ್. "ನೀವು ಹೋಗಿ. ನಂಗೆ ಓಡೋಕೆ ಬರಲ್ಲ. ನಿಜವಾಗ್ಲೂ ಬರಲ್ಲ. ನಾನು ಬನ್ನು ತರೋದು ಮರ್ತು..."

ಯೂಟೆ ಅವನ ಕೈ ಹಿಡಿದುಕೊಂಡಳು. ಸಾವಿರಾರು ಹೆಂಗಸರಿಗೆ ಧೈರ್ಯ ಹೇಳಿದ ಕೈ ಅದು. "ನೀನು ಮುಂದೆ ಇರದಿದ್ರೆ ಹತ್ತನೇ ಕಿಲೋಮೀಟರಲ್ಲೇ ನಾನು ಬಸ್ಸು ಹತ್ತಿರ್ತಿದ್ದೆ. ಈ ಕರ್ಸ್ಟನ್ನೇ ಓಡಿಸ್ಕೊಂಡು ಹೋಗಿರ್ತಿದ್ದ. ಉಸಿರು ಬಿಡು. ಹಾಂ, ಹಂಗೆ. ಇನ್ನೊಂಚೂರು. ತಲೆ ಕಾಣ್ತಿದೆ."

ಏನು ಕಾಣುತ್ತಿದೆಯೋ ವೆರ್ನರ್‌ಗೆ ತಿಳಿಯಲಿಲ್ಲ, ಆದರೆ ಕಾಲು ಎದ್ದಿತು. ಮೂವತ್ತಾರರ ಹೊತ್ತಿಗೆ ನೋವೆಲ್ಲ ಎಲ್ಲೋ ಪಕ್ಕದವರ ಮನೆಗೆ ಹೋದಂತಿತ್ತು. ಫ್ಯೋರ್ಡಿನ ನೀರು ಹೊಳೆಯುತ್ತಿತ್ತು, ಗಾಳಿಗೆ ಬಲೂನು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತಿತ್ತು, ಹಿಂದೆ ಮೂವತ್ತೊಂದು ಜೊತೆ ಕಾಲುಗಳ ಸದ್ದು. ಅವನಿಗೆ ಎಲ್ಲರ ಮೇಲೂ ಪ್ರೀತಿ ಬಂತು. ಫ್ಲೆಮಿಂಗನ ಮೇಲೂ ಬಂತು.

ನಲವತ್ತರಲ್ಲಿ ಹೊಗೆಮನೆ ಬಂತು. ಅದರ ಹಿಂದೆ ಹಣಕಿದ. ಬೆಕ್ಕೊಂದು ಮೀನಿನ ತಲೆ ತಿನ್ನುತ್ತಿತ್ತು. ವಿಗ್ಗೋ ಇರಲಿಲ್ಲ.

ಹೋಗಲಿ ಎಂದುಕೊಂಡ ವೆರ್ನರ್. ಚಿಪ್ಪು ಯಾಕೆ ಬೇಕು? ನಿಜವಾಗಿಯೇ ಓಡಿದ್ದೇನೆ. ಕಚೇರಿಯವರೆಲ್ಲ ಕೊನೆಯ ಗೆರೆಯಲ್ಲಿ ನಿಂತಿದ್ದಾರೆ, ಕಣ್ಣಾರೆ ನೋಡುತ್ತಾರೆ.

*

ನಾಲ್ಕು ಗಂಟೆ ಐವತ್ತೊಂಬತ್ತು ನಿಮಿಷ ನಲವತ್ತೊಂದು ಸೆಕೆಂಡಿಗೆ ಮೂವತ್ತೆರಡು ಜನ ಕೈಕೈ ಹಿಡಿದು ಗೆರೆ ದಾಟಿದರು. ಯೂಟೆ ಅಳುತ್ತಿದ್ದಳು, ಕರ್ಸ್ಟನ್ ಅತ್ತೆಗೆ ಫೋನು ಮಾಡುತ್ತಿದ್ದ. ಎಲ್ಲರ ಕೊರಳಿಗೂ ಪದಕ ಬಿತ್ತು. ಮೊಲಗಳಿಗೆ ಪದಕ ಕೊಡುವ ಪದ್ಧತಿಯಿಲ್ಲ.

ಕಚೇರಿಯವರು ಬೇಲಿಯ ಆಚೆ ನಿಂತಿದ್ದರು. ಅವರ ಕೈಯಲ್ಲಿ ಕಾಗದದ ಬಾವುಟಗಳಿದ್ದವು, ಯಾರೂ ಬೀಸುತ್ತಿರಲಿಲ್ಲ. ಬೆರಗಾಗಿದ್ದಾರೆ ಎಂದುಕೊಂಡ ವೆರ್ನರ್.

"ನೋಡಿದ್ರಲ್ಲ?" ಏದುಸಿರಿನಲ್ಲೇ ಕೇಳಿದ. "ಪೂರ್ತಿ ಓಡ್ದೆ!"

"ಎಷ್ಟನೇ ಸಲ?" ಎಂದ ಫ್ಲೆಮಿಂಗ್.

"ಅಂದ್ರೆ?"

"ಮೊದಲನೇ ಸಲ ಎರಡು ಗಂಟೆ ಇಪ್ಪತ್ತಮೂರು ನಿಮಿಷಕ್ಕೆ ಮುಗ್ಸಿದ್ಯಲ್ಲಪ್ಪ. ಅದು ಸಾಲ್ದು ಅಂತ ಇನ್ನೊಂದ್ಸಲ ಓಡಿದ್ಯಾ ಅಂತ ಕೇಳ್ದೆ."

ಗ್ರೇಥೆ ಫೋನು ಮುಂದೆ ಹಿಡಿದಳು. ವೆಬ್‌ಸೈಟಿನಲ್ಲಿ ವೆರ್ನರ್ ಡಾಲ್ಗೋರ್ ಎಂಬ ಹೆಸರು ಎಲ್ಲರಿಗಿಂತ ಮೇಲಿತ್ತು. ಎರಡನೆಯವನಿಗಿಂತ ಹನ್ನೊಂದು ನಿಮಿಷ ಮುಂದೆ. ಅದರ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಬರೆದಿತ್ತು: ಅನರ್ಹ. ಕಾರಣ: ಸೈಕಲ್.

"ಒಂದು ಗಂಟೆ ಹೊತ್ತು ಮೈಕಲ್ಲಿ ನಿನ್ನ ಹೆಸ್ರು ಕೂಗಿದ್ರು," ಎಂದಳು ಗ್ರೇಥೆ. "ಹೂಗುಚ್ಛ ಹಿಡ್ಕೊಂಡು ಕಾದ್ರು. ನಾವೂ ಕುಣಿದ್ವಿ. ಆಮೇಲೆ ವಿಡಿಯೋ ನೋಡಿದ್ರು. ಈರುಳ್ಳಿ ಸೊಪ್ಪು ಇಟ್ಕೊಂಡು ಒಬ್ಬ ಮುದುಕ ಬಂದ."

"ಅದು ವಿಗ್ಗೋ! ಆದ್ರೆ ಈಗ ಓಡಿದ್ದು ನಾನು! ಇವರನ್ನ ಕೇಳಿ!" ವೆರ್ನರ್ ತನ್ನ ಮೂವತ್ತೊಂದು ಜನರ ಕಡೆ ತಿರುಗಿದ.

"ಅಯ್ಯೋ, ಇವನಿಲ್ಲದಿದ್ರೆ ನಾವ್ಯಾರೂ ಇಲ್ಲಿ ಇರ್ತಿರ್ಲಿಲ್ಲ," ಎಂದಳು ಯೂಟೆ.

"ಇವನ ಹೆಸ್ರೇನು?" ಗ್ರೇಥೆ ಕೇಳಿದಳು.

"ಮಾಲ್ತೆ!" ಎಂದರು ಮೂವತ್ತೊಂದು ಜನ ಒಂದೇ ದನಿಯಲ್ಲಿ.

ಗ್ರೇಥೆ ಫೋನು ಸವರಿದಳು. ಹಳದಿ ಅಂಗಿಯ ಅಂಚಿನಲ್ಲೂ ಒಂದು ಚಿಪ್ಪು ಹೊಲಿದಿತ್ತು. "ಹೌದು. ಮಾಲ್ತೆ, ನಾಲ್ಕು ಐವತ್ತೊಂಬತ್ತು ನಲವತ್ತೊಂದು. ಸರಿಯಾಗೇ ಇದೆ." ಅವಳ ದನಿಯಲ್ಲಿ ಸ್ವಲ್ಪ ಮರುಕವೂ ಇತ್ತು. "ನೀನು ಓಡಿದ್ದನ್ನ ನಾನು ನೋಡ್ದೆ ವೆರ್ನರ್. ಆದ್ರೆ ಇದ್ರಲ್ಲಿ ಇಲ್ಲ."

ಅಷ್ಟರಲ್ಲಿ ಮೈಕು ಗುಡುಗಿತು. ಹೇಳಿದ ಹೊತ್ತಿಗೆ ಅತ್ಯಂತ ಹತ್ತಿರವಾಗಿ, ಬರೀ ಹತ್ತೊಂಬತ್ತು ಸೆಕೆಂಡು ಮೊದಲು, ಜನರನ್ನು ಮುಟ್ಟಿಸಿದ ಮೊಲಕ್ಕೆ ಈ ವರ್ಷದ ವಿಶೇಷ ಬಹುಮಾನ: ಮಾಲ್ತೆ! ಮೂವತ್ತೊಂದು ಜನ ವೆರ್ನರ್‌ನನ್ನು ಹೊತ್ತುಕೊಂಡು ಹೋಗಿ ವೇದಿಕೆಯ ಮೇಲೆ ಇಳಿಸಿದರು. ಅಧಿಕಾರಿಯೊಬ್ಬ ಕೈಕುಲುಕಿ ಲಕೋಟೆ ಕೊಟ್ಟ. ವೆರ್ನರ್ ಅದನ್ನು ಎದೆಗೊತ್ತಿಕೊಂಡ. ಏನಾದರೂ ಸಿಕ್ಕಿತಲ್ಲ.

ಆಗಲೇ ಜನರ ನಡುವೆ ಸೈಕಲ್ ಗಂಟೆ ಕೇಳಿಸಿತು. ಮುಂದೆ ವಿಗ್ಗೋ. ಹಿಂದೆ ಕ್ಯಾರಿಯರ್ ಮೇಲೆ ಮಾಲ್ತೆ, ಕೂದಲ ತುಂಬ ಜೇಡರ ಬಲೆ.

"ನಾಲ್ಕು ಗಂಟೆ ಆ ಕಕ್ಕಸಲ್ಲಿ ಇದ್ದೆ!" ಎಂದು ಕಿರುಚಿದ ಮಾಲ್ತೆ.

"ಮುಳ್ಳುಹಂದಿ ಗುದ್ದುತ್ತಿದೆ ಅಂದ್ಕೊಂಡೆ ಕಣಪ್ಪ," ಎಂದ ವಿಗ್ಗೋ. "ಊಟ ಮಾಡಿ, ಒಂಚೂರು ಮಲಗೆದ್ದು, ಆಮೇಲೆ ನೋಡ್ದೆ."

"ವಿಗ್ಗೋ, ನಿಧಾನ ಹೋಗು ಅಂದಿದ್ದೆ!" ಎಂದ ವೆರ್ನರ್ ಮೇಲಿನಿಂದ.

"ಒಲೆ ಮೇಲೆ ಆಲೂಗಡ್ಡೆ ಇಟ್ಟು ಬಂದಿದ್ದೆ. ಹೊಗೆಮನೆ ಹತ್ರ ನೀನಿರ್ಲಿಲ್ಲ, ಹುಡುಕ್ಕೊಂಡು ಇಲ್ಲಿಗೇ ಬಂದೆ. ಚಾಪೆ ಕಂಡ್ರೆ ಮೇಲೇ ಹೋಗು ಅಂದಿದ್ದೆ ತಾನೇ? ಹೋದೆ. ಎಲ್ಲ ಚಪ್ಪಾಳೆ ತಟ್ಟಿದ್ರು."

ಅಧಿಕಾರಿ ಈ ಮಾಲ್ತೆಯನ್ನೂ ಆ ಮಾಲ್ತೆಯನ್ನೂ ನೋಡಿದ. "ಹಾಗಾದ್ರೆ ನೀವ್ಯಾರು?"

"ವೆರ್ನರ್ ಡಾಲ್ಗೋರ್," ಎಂದ ವೆರ್ನರ್.

"ಓ," ಎಂದ ಅಧಿಕಾರಿ. ಮಧ್ಯಾಹ್ನವೆಲ್ಲ ಹೂಗುಚ್ಛ ಹಿಡಿದು ಕಾದವನು ಅವನೇ. "ಸೈಕಲ್ ಡಾಲ್ಗೋರ್." ವೆರ್ನರ್‌ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಲಕೋಟೆಯನ್ನು ಮಾಲ್ತೆಗೆ ಕೊಟ್ಟ.

ಮಾಲ್ತೆ ಒಡೆದು ಓದಿದ. ಓಟಕ್ಕೆ ನೆರವಾದ ಊರಿನ ಬೇಕರಿಯವರು ಕೊಟ್ಟ ಬಹುಮಾನ. ಒಂದು ವರ್ಷ, ಪ್ರತಿ ಶುಕ್ರವಾರ, ಹನ್ನೆರಡು ಬನ್ನು ಬಿಟ್ಟಿ.

*

ಶುಕ್ರವಾರ ಬೆಳಿಗ್ಗೆ ಐದೂವರೆಗೆ ಎದ್ದ ವೆರ್ನರ್ ಬೇಕರಿಯ ಸಾಲಿನಲ್ಲಿ ನಿಂತಿದ್ದ. ತೊಡೆ ನೋವಿಗೆ ಮೆಟ್ಟಿಲನ್ನು ಹಿಮ್ಮುಖವಾಗಿ ಮಾತ್ರ ಇಳಿಯಲು ಬರುತ್ತಿದ್ದುದರಿಂದ ಬರುವುದು ತುಸು ತಡವಾಗಿತ್ತು. ಅವನ ಮುಂದೆ ನಿಂತಿದ್ದವನು ಮಾಲ್ತೆ.

"ನಮ್ಮಾಫೀಸಲ್ಲಿ ವಿಷಯ ಗೊತ್ತಾಗಿ ಸರದಿ ಪಟ್ಟಿನೇ ಹರಿದ್ಹಾಕಿದ್ರು," ಎಂದ ಮಾಲ್ತೆ ಆಕಳಿಸುತ್ತ. "ಇನ್ನು ವರ್ಷಪೂರ್ತಿ ನಾನೇ ತರ್ಬೇಕಂತೆ. ಅಂದ್ಹಾಗೆ ಅಣ್ಣಾ, ಆ ಅಗುಳಿ ರಿಪೇರಿ ಮಾಡ್ಸಿ."

ಅವನು ಚೀಲ ಹಿಡಿದು ಹೋದ. ವೆರ್ನರ್ ಮುಂದೆ ಬಂದಾಗ ಅಂಗಡಿಯಾಕೆ ಇಲ್ಲವೆಂದು ತಲೆ ಆಡಿಸಿದಳು. ಗಸಗಸೆ ಹಾಕಿದವು ಮುಗಿದಿದ್ದವು. ಕೊನೆಯ ಹನ್ನೆರಡು ಈಗಷ್ಟೇ ಹೊರಟಿದ್ದವು.

ಎಂಟಕ್ಕೆ ಹನ್ನೊಂದು ಜನ ಬೆಣ್ಣೆಯ ಚಾಕು ಹಿಡಿದು ಕೂತಿದ್ದರು. ಗ್ರೇಥೆ ಒಂದು ಬನ್ನು ಎತ್ತಿ, ಬೆಳಕಿಗೆ ಹಿಡಿದು, ಸುತ್ತಲೂ ತಿರುಗಿಸಿ ನೋಡಿದಳು.

"ಗಸಗಸೆ ಎಲ್ಲಿ?"

ವೆರ್ನರ್ ಬಾಯಿ ತೆರೆದ. ಅದು ಏನನ್ನೋ ಹೇಳಲು ಹೊರಟಿರುವುದು ಅವನಿಗೆ ಗೊತ್ತಾಯಿತು. ಕೈಗೆ ಸಿಕ್ಕ ಬನ್ನೊಂದನ್ನು ಇಡಿಯಾಗಿ ಅದರೊಳಗೆ ತುರುಕಿದ.